ಉಗಾಲಿಯೂ ಸಂಗಟಿಯೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ವಿದ್ಯಾರ್ಥಿನಿಯಾದ ನಾನು ಅಡಿಗೆಯ ವಿಷಯವನ್ನೇ ಆರಿಸಿಕೊಂಡೆ. ಶಾಲೆಗೂ ಒಲೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ, ಅದನ್ನು ಹೇಳುವುದಕ್ಕಾಗಿಯೇ ಈ ನಾಲ್ಕು ಮಾತು.

ಯಜಮಾನರ ನೌಕರಿಯ ನಿಮಿತ್ತ 1998ರಿಂದ 2011ರವರೆಗೆ ನಾವು ಕೆನ್ಯಾ ದೇಶದ ನೈರೋಬಿಯಲ್ಲಿದ್ದೆವು. ಮಗಳೂ ಮಗನೂ ಅಲ್ಲಿಯೇ ಹುಟ್ಟಿದರು. ನೆರೆಮನೆಯ ಕಿಕುಯು ತಾಯಿಯೊಬ್ಬರು ಆ ನಾಡಿನ ಅಡಿಗೆಯನ್ನು ನನಗೆ ಕಲಿಸಿದರು. ಅಲ್ಲಿಯ ಮುಖ್ಯ ಆಹಾರ ಉಗಾಲಿ. ಎರಡು ಲೋಟ ನೀರು ಕುದಿ ಬಂದೊಡನೆ ಸುಮಾರು ಒಂದು ಲೋಟ ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ, ಗಂಟಾಗದಂತೆ ಮರದ ಹುಟ್ಟಿನಿಂದ ತಿರುವುತ್ತಿರಬೇಕು. ಹಿಟ್ಟು ಗಟ್ಟಿಯಾಗಿ ಪಾತ್ರೆಯ ಅಂಚನ್ನು ಬಿಡತೊಡಗಿದಾಗ ಉರಿ ಸಣ್ಣಗೆ ಮಾಡಿ, ಹಸಿ ವಾಸನೆ ಹೋಗುವವರೆಗೆ ಬೇಯಿಸಿ ತಟ್ಟೆಗೆ ಬೋರಲು ಹಾಕುತ್ತಾರೆ. ತುತ್ತನ್ನು ಕೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಕುಳಿ ಒತ್ತಿ, ಅದರಲ್ಲಿ ಪಲ್ಯವನ್ನು ತುಂಬಿಕೊಂಡು ಉಣ್ಣುವುದು ಅಲ್ಲಿಯ ಪದ್ಧತಿ. ಜೊತೆಗೆ ಈರುಳ್ಳಿ, ಟೊಮೆಟೊ ಹಾಕಿ ಹುರಿದ ಸುಕುಮಾ ವಿಕಿ ಎಂಬ ಸೊಪ್ಪು. ಆ ಹೆಸರಿಗೆ ‘ವಾರವನ್ನು ದೂಡು’ ಎಂದು ಅರ್ಥ. ಕಾಸು ಕಡಿಮೆಯಿದ್ದಾಗ ವಾರ ಕಳೆಯಿಸುವ ಪಲ್ಯವದು. ಮುಸುಕಿನ ಜೋಳವನ್ನೂ ಕಾಳನ್ನೂ ನೆನೆಯಿಟ್ಟು ಒಟ್ಟಿಗೆ ಬೇಯಿಸಿದರೆ ಗಿಥೆರಿ. ಹಿಟ್ಟನ್ನು ತೆಳ್ಳಗೆ ಕುದಿಸಿದರೆ ಉಜಿ.

ಊರಿಗೆ ಮರಳಿ ಬಂದಾಗ ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಎಂಟು. ಅವರಿಗೆ ಇಂಗ್ಲಿಷ್ ಮತ್ತು ಸ್ವಾಹಿಲಿ ಸಲೀಸು. ಕನ್ನಡ ಅರ್ಥವಾಗುತ್ತಿತ್ತು, ಆದರೆ ನಾಲಿಗೆ ಹೊರಳುತ್ತಿರಲಿಲ್ಲ. ಅತ್ತೆಯವರಿಗಾದರೋ ಕನ್ನಡದ ಹೊರತು ಬೇರೆ ಭಾಷೆ ಬಾರದು. ಒಂದೇ ಮನೆಯಲ್ಲಿ ಅಜ್ಜಿಯೂ ಮೊಮ್ಮಕ್ಕಳೂ ಮೂಕರಂತೆ ಇರುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಮಕ್ಕಳು ರೊಟ್ಟಿಯನ್ನು ಮುರಿದು ತಟ್ಟೆಯಲ್ಲಿಯೇ ಬಿಟ್ಟು ಏಳುತ್ತಿದ್ದರು. ಕೊನೆಗೆ ಒಂದು ದಿನ ಮನೆಯಲ್ಲಿದ್ದ ಬಿಳಿಜೋಳದ ಹಿಟ್ಟಿನಿಂದಲೇ ಉಗಾಲಿ ಮಾಡಿ, ಸುಕುಮಾ ವಿಕಿಯ ಬದಲು ರಾಜಗಿರಿ ಪಲ್ಯವನ್ನು ಬಡಿಸಿದೆ. ಮಕ್ಕಳು ಆಸೆಯಿಂದ ಉಂಡರು. ಅತ್ತೆಯವರು ತಟ್ಟೆಯನ್ನು ದಿಟ್ಟಿಸಿ ನೋಡಿ, “ಅಲ್ಲವಾ, ಇದು ನಮ್ಮ ಸಂಗಟಿನ ಐತಲ್ಲ! ಇದನ್ನ ಕಲಿಯಾಕ ಅಷ್ಟ ದೂರ ಹೋಗಬೇಕಾಗಿತ್ತೇನು?” ಎಂದು ನಕ್ಕರು.

ಆ ನಗೆಯ ಹಿಂದೆ ಒಂದು ನೋವೂ ಇತ್ತು. 1972ರ ಬರಗಾಲದಲ್ಲಿ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ ಅತ್ತೆಯವರು ಸಂಗಟಿ, ಅಂಬಲಿಗಳ ಮೇಲೆಯೇ ದಿನ ನೂಕಿದ್ದರು. ಕೈಗೆ ನಾಲ್ಕು ಕಾಸು ಬಂದ ಮೇಲೆ, ಬಡತನದ ಊಟವೆಂದು ಸಂಗಟಿಯನ್ನು ಮಾಡುವುದನ್ನೇ ಬಿಟ್ಟಿದ್ದರು. ಕೆನ್ಯಾದಲ್ಲಿಯೂ ಇಂಥದೇ ಕಥೆ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಅದು ಆಫ್ರಿಕಕ್ಕೆ ಬಂದು ಹಬ್ಬುವ ಮೊದಲು ಅಲ್ಲಿಯ ಜನ ಜೋಳ, ರಾಗಿ, ಸಜ್ಜೆಗಳ ಹಿಟ್ಟನ್ನೇ ತಿರುವಿ ಉಣ್ಣುತ್ತಿದ್ದರು. ಬಿಳಿಯರ ಆಳಿಕೆಯ ಕಾಲದಲ್ಲಿ ಬಿಳಿ ಮುಸುಕಿನ ಜೋಳ ಮೇಲಾಗಿ, ಹಳೆಯ ಧಾನ್ಯಗಳು ಹಿಂದೆ ಸರಿದವು.

ಇನ್ನೊಂದು ಸಂಗತಿ ತಿಳಿದಾಗ ನನಗೆ ಇನ್ನೂ ಆಶ್ಚರ್ಯವಾಯಿತು. ನಮ್ಮದೇ ಎಂದು ನಾವು ತಿಳಿದಿರುವ ಜೋಳದ ತವರು ಆಫ್ರಿಕ. ಸುಡಾನ್ ದೇಶದ ಪೂರ್ವಭಾಗದಲ್ಲಿ ದೊರೆತ, ಸುಮಾರು ಐದು ಸಾವಿರ ವರ್ಷಗಳ ಹಿಂದಿನ ಮಡಕೆಯ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚುಗಳನ್ನು ವಿದ್ವಾಂಸರು ಗುರುತಿಸಿ 2017ರಲ್ಲಿ ಪ್ರಕಟಿಸಿದರು. ರಾಗಿ ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ ಬಂದದ್ದು; ಸಜ್ಜೆ ಆ ಖಂಡದ ಪಶ್ಚಿಮ ಭಾಗದಿಂದ. ರೊಟ್ಟಿಗೆ ನಾವು ನಂಚಿಕೊಳ್ಳುವ ಗುರೆಳ್ಳು ಚಟ್ನಿಯ ಗುರೆಳ್ಳಿಗೆ ಇಥಿಯೋಪಿಯವೇ ಮೂಲ. ಹಾಗೆಯೇ ನಮ್ಮ ಚಪಾತಿ ಅಲ್ಲಿಗೆ ಹೋಗಿ ಅಲ್ಲಿಯದೇ ಆಗಿದೆ. 1896ರಿಂದ 1901ರವರೆಗೆ ಮೊಂಬಾಸದಿಂದ ಕಿಸುಮುವರೆಗೆ ರೈಲುದಾರಿ ಹಾಕಲು ನಮ್ಮ ದೇಶದಿಂದ ಸಾವಿರಾರು ಕೂಲಿಕಾರರು ಹೋಗಿದ್ದರು. ಅವರ ಮತ್ತು ವ್ಯಾಪಾರಿಗಳ ಸಹವಾಸದಿಂದ ಚಪಾತಿಯೂ, ಅಂಗಡಿಗೆ ‘ದುಕಾ’ ಎಂಬ ಮಾತೂ ಅಲ್ಲಿ ನೆಲೆಸಿದವು. ಅನ್ನಕ್ಕೆ ಗಡಿಯಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆ ದಿನದಿಂದ ನಮ್ಮ ಅಡಿಗೆಮನೆಯೇ ಒಂದು ಪಾಠಶಾಲೆಯಾಯಿತು. ಅಜ್ಜಿ ಕಾಳು ಹಸನು ಮಾಡುತ್ತ ಕೂತರೆ ಮಕ್ಕಳು ಸುತ್ತ ನೆರೆಯುತ್ತಿದ್ದರು. ಮಗ ‘ಮ್ತಾಮಾ’ ಎಂದರೆ ಅಜ್ಜಿ ‘ಜೋಳ’ ಎನ್ನುವರು. ‘ವಿಂಬಿ’ಗೆ ರಾಗಿ, ‘ಕುಂಡೆ’ಗೆ ಅಲಸಂದಿ, ‘ಮ್ಚಿಚಾ’ಕ್ಕೆ ರಾಜಗಿರಿ. ಹೀಗೆ ಒಂದೊಂದೇ ಮಾತು ಕೂಡಿ, ವರ್ಷ ತುಂಬುವುದರೊಳಗೆ ಮಗಳು ಅಜ್ಜಿಯ ಬಾಯಿಂದ ಒಗಟುಗಳನ್ನು ಕಲಿತು ನಮಗೇ ಹಾಕತೊಡಗಿದಳು. ಆ ಧೈರ್ಯದಿಂದಲೇ ಇಬ್ಬರನ್ನೂ ಇದೇ ಶಾಲೆಗೆ ಸೇರಿಸಿದೆವು. ಮೊದಲು ಒತ್ತಕ್ಷರಗಳಲ್ಲಿ ಎಡವುತ್ತಿದ್ದ ಅವರನ್ನು ಇಲ್ಲಿಯ ಗುರುಗಳು ತಾಳ್ಮೆಯಿಂದ ತಿದ್ದಿದರು. ಒಲೆಯ ಮುಂದೆ ಕಲಿತ ಮಾತಿಗೆ ಶಾಲೆ ಅಕ್ಷರ ಕೊಟ್ಟಿತು.

ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ನಮ್ಮ ತಾಲೂಕು ಮಹಾರಾಷ್ಟ್ರ ರಾಜ್ಯಕ್ಕೆ ಸೇರಿತು. ಮರಾಠಿ ನಮ್ಮ ವ್ಯವಹಾರದ ಭಾಷೆ, ನೆರೆಯವರ ಭಾಷೆ. ಅದರ ಮೇಲೆ ನಮಗೆ ಗೌರವವಿದೆ. ಗುಡ್ಡಾಪುರದ ದಾನಮ್ಮ ದೇವಿಯ ದಾಸೋಹದಲ್ಲಿ ಎರಡೂ ಭಾಷೆಯ ಜನ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಆದರೆ ಮನೆಯ ಮಾತನ್ನು ಉಳಿಸಿಕೊಳ್ಳುವ ಹೊಣೆ ಮನೆಯವರದೇ. ಸಂಗಟಿಯನ್ನು ಯಾರೂ ನಮ್ಮಿಂದ ಕಸಿದುಕೊಂಡಿರಲಿಲ್ಲ. ಕೀಳೆಂದು ನಾವೇ ಬಿಟ್ಟಿದ್ದೆವು. ಕನ್ನಡಕ್ಕೂ ಆ ಗತಿ ಬರಬಾರದು.

ಅತ್ತೆಯವರು ಈಗ ಇಲ್ಲ. ಮಕ್ಕಳು ದೊಡ್ಡವರಾಗಿ ಪುಣೆಯಲ್ಲಿದ್ದಾರೆ. ರಜೆಗೆ ಬರುವ ಮುಂಚೆ ದೂರವಾಣಿಯಲ್ಲಿ “ಅವ್ವಾ, ಸಂಗಟಿ ಮಾಡಿಡು” ಎನ್ನುತ್ತಾರೆ; ಉಗಾಲಿ ಎನ್ನುವುದಿಲ್ಲ. ನನ್ನ ಮಕ್ಕಳಿಗೆ ಆ ಮಾತನ್ನು ಓದಲು, ಬರೆಯಲು ಕಲಿಸಿದ ಈ ಶಾಲೆ ಶತಮಾನೋತ್ಸವವನ್ನೂ ಕಾಣಲೆಂದು ಮನಸಾರೆ ಹಾರೈಸುತ್ತೇನೆ.