ಪೈಲಿಂಗ್ ಮಿಷಿನ್ ತಗೊಳ್ಳೋಣವಾ, ಅಣ್ಣ?

ಮಾರ್ಕೆಟ್ ರಿಪೋರ್ಟ್ ಅಂತ ವಾಟ್ಸಾಪ್‌ನಲ್ಲಿ ಬರುವುದೆಲ್ಲ ಒಂದೇ ಅಚ್ಚಿನವು. ಇಂಥ ಯಂತ್ರದ ಮಾರುಕಟ್ಟೆ ಈಗ ಇಷ್ಟು ಸಾವಿರ ಕೋಟಿ, ಇನ್ನು ಏಳೆಂಟು ವರ್ಷಕ್ಕೆ ಇಷ್ಟಾಗುತ್ತದೆ, ವರ್ಷಕ್ಕೆ ಇಷ್ಟು ಪರ್ಸೆಂಟ್ ಬೆಳವಣಿಗೆ. ಪಕ್ಕದಲ್ಲಿ ಮೇಲಕ್ಕೆ ಹೋಗುವ ಒಂದು ಬಾಣ. ಪೂರ್ತಿ ರಿಪೋರ್ಟ್ ಬೇಕಾದರೆ ಡಾಲರ್‌ನಲ್ಲಿ ದುಡ್ಡು ಕಟ್ಟಬೇಕು. ನಮಗೆ ಸಿಗುವುದು ಬಾಣ ಮಾತ್ರ. ಒಂದು ಸುದ್ದಿಗೆ ಇಷ್ಟು ಅಂತ ಎಣಿಸಿಕೊಂಡು ಬದುಕುವ ನನ್ನಂಥ ಸ್ಟ್ರಿಂಗರ್‌ಗಳ ಮೇಲ್‌ಗೂ ಇವು ಬರುತ್ತವೆ. ಸಾಮಾನ್ಯವಾಗಿ ತೆರೆಯುವುದೇ ಇಲ್ಲ.

ಕಟ್ಟಡದ ಅಡಿಪಾಯಕ್ಕೆ ಬಳಸುವ ಪೈಲಿಂಗ್ ಯಂತ್ರಗಳ ರಿಪೋರ್ಟ್ ಮಾತ್ರ ಕೂತು ಓದಿದೆ. ಯಾಕೆಂದರೆ ಅದನ್ನು ಕಳಿಸಿದ್ದು ನಮ್ಮ ಚಿಕ್ಕಪ್ಪನ ಮಗ. ಕೆಳಗೆ ಒಂದೇ ಸಾಲು ಬರೆದಿದ್ದ: "ಅಣ್ಣ, ನಾವೂ ಒಂದು ತಗೊಂಡ್ರೆ ಹೆಂಗೆ?"

ಅವನಿರುವುದು ಬೆಂಗಳೂರಿನ ಗೋವಿಂದರಾಜನಗರದಲ್ಲಿ, ಮೂವರು ಸೇರಿ ಒಂದು ರೂಮು. ಐದು ವರ್ಷದ ಹಿಂದೆ ಪೈಲಿಂಗ್ ಕೆಲಸಕ್ಕೆ ಹೆಲ್ಪರ್ ಆಗಿ ಸೇರಿದ. ಈಗ ಆಪರೇಟರ್ ಊಟಕ್ಕೆ ಇಳಿದಾಗ ಸೀಟಿನಲ್ಲಿ ಕೂರುವಷ್ಟು ಕಲಿತಿದ್ದಾನೆ. ಯಾರದೋ ಹಳೇ ರಿಗ್ ಮಾರಾಟಕ್ಕಿದೆಯಂತೆ. ಇಬ್ಬರು ಸ್ನೇಹಿತರ ಜೊತೆ ಸೇರಿ ಕೊಳ್ಳಬೇಕು ಅಂತ ಆಸೆ. ಅವನ ಪಾಲಿನ ದುಡ್ಡಿಗೆ ಊರಿನ ಎರಡು ಎಕರೆಯ ಪತ್ರ ಅಡ ಇಡಬೇಕು. ಚಿಕ್ಕಪ್ಪ ರಾತ್ರಿ ಫೋನ್ ಮಾಡಿದರು: "ನೀನು ಪೇಪರಿನವನು ಕಣಪ್ಪ, ನಿಂಗೆ ಗೊತ್ತಿರ್ತದೆ. ಸೈನ್ ಹಾಕ್ಲಾ, ಬ್ಯಾಡ್ವಾ?"

ಮೊದಲು ಈ ಯಂತ್ರ ಏನು ಅಂತ ಹೇಳಿಬಿಡುತ್ತೇನೆ. ಬೋರ್‌ವೆಲ್ ಲಾರಿಯನ್ನು ನೀವೆಲ್ಲ ನೋಡಿದ್ದೀರಿ. ಅದು ಆರೂವರೆ ಇಂಚಿನ ತೂತು ಕೊರೆದು ಗಾಳಿಯ ಒತ್ತಡದಲ್ಲಿ ಪುಡಿಯನ್ನು ಮೇಲಕ್ಕೆ ಊದುತ್ತದೆ. ಪೈಲಿಂಗ್ ರಿಗ್ ಕೊರೆಯುವ ಗುಂಡಿ ಒಂದು ಮೀಟರ್ ಅಗಲ ಇರಬಹುದು, ಇನ್ನೂ ಹೆಚ್ಚೂ ಇರಬಹುದು. ಒಬ್ಬ ಮನುಷ್ಯ ಆರಾಮಾಗಿ ಇಳಿಯಬಹುದಾದ ಗುಂಡಿ. ಯಂತ್ರ ಮಿಲಿಟರಿ ಟ್ಯಾಂಕಿನ ಹಾಗೆ ಪಟ್ಟಿಯ ಮೇಲೆ ಓಡುತ್ತದೆ. ಮುಂದೆ ಎತ್ತರದ ಕಂಬ. ಅದಕ್ಕೆ ಒಂದರೊಳಗೊಂದು ಸೇರಿಕೊಂಡ ಕೊಳವೆಗಳು, ಅದನ್ನು ಕೆಲ್ಲಿ ಬಾರ್ ಅನ್ನುತ್ತಾರೆ. ತುದಿಯಲ್ಲಿ ಸ್ಕ್ರೂ ಥರದ ಆಗರ್, ಇಲ್ಲವೇ ಹಲ್ಲಿರುವ ಬಕೆಟ್. ತಿರುಗಿಕೊಂಡು ಇಳಿಯುತ್ತದೆ, ಮಣ್ಣು ತುಂಬಿಕೊಂಡು ಮೇಲೆ ಬರುತ್ತದೆ, ಪಕ್ಕಕ್ಕೆ ತಿರುಗಿ ಕೊಡವುತ್ತದೆ. ಗುಂಡಿ ಕುಸಿಯದಿರಲಿ ಅಂತ ಬೆಂಟೊನೈಟ್ ಎಂಬ ಜೇಡಿಯನ್ನು ಕದಡಿದ ನೀರು ತುಂಬುತ್ತಾರೆ. ಆಮೇಲೆ ಕಬ್ಬಿಣದ ಕೇಜ್ ಇಳಿಸಿ, ಪೈಪಿನಲ್ಲಿ ತಳದಿಂದ ಕಾಂಕ್ರೀಟ್ ತುಂಬುತ್ತಾ ಬರುತ್ತಾರೆ. ಗಟ್ಟಿಯಾದ ಮೇಲೆ ಅದೇ ಪೈಲ್, ಅಂದರೆ ನೆಲದೊಳಗಿನ ಕಂಬ. ಮೇಲಿನ ಭಾರವನ್ನು ಅದು ಕೆಳಗಿನ ಗಟ್ಟಿ ನೆಲಕ್ಕೋ ಬಂಡೆಗೋ ದಾಟಿಸುತ್ತದೆ.

ಮೊದಲು ಈ ಕೆಲಸ ಮೂರು ಕಾಲಿನ ಕಬ್ಬಿಣದ ಚೌಕಟ್ಟು, ವಿಂಚು ಮತ್ತು ಭಾರದ ಚಿಸಲ್‌ನಿಂದ ನಡೆಯುತ್ತಿತ್ತು. ಎತ್ತುವುದು, ಬಿಡುವುದು. ಬಂಡೆ ಸಿಕ್ಕರೆ ಒಂದೊಂದು ಗುಂಡಿಗೂ ದಿನಗಟ್ಟಲೆ. ಒಳ್ಳೆಯ ಮಣ್ಣಿನಲ್ಲಿ ರಿಗ್ ಅದನ್ನು ಗಂಟೆಗಳಲ್ಲಿ ಮುಗಿಸುತ್ತದೆ. ಸಾವಿರಾರು ಕೋಟಿ ಸಾಲ ತಂದು ಕಟ್ಟುವವರಿಗೆ ಒಂದು ದಿನ ಉಳಿದರೂ ಬಡ್ಡಿ ಉಳಿಯಿತು. ಜರ್ಮನಿಯ ಬಾವರ್, ಇಟಲಿಯ ಸಾಯಿಲ್‌ಮೆಕ್, ಚೀನಾದ ಸ್ಯಾನಿ ಮತ್ತು ಎಕ್ಸ್‌ಸಿಎಂಜಿ ಯಂತ್ರಗಳು ಇಲ್ಲಿಗೆ ಬಂದದ್ದು ಹಾಗೆ. ಸ್ಯಾನಿಗೆ ಪುಣೆ ಹತ್ತಿರದ ಚಾಕಣ್‌ನಲ್ಲೇ ಕಾರ್ಖಾನೆ ಇದೆ.

ಗೋವಿಂದರಾಜನಗರದ ಒಳಗೆ ತಿರುಗಾಡಿದರೆ ಈ ಯಂತ್ರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ 20-30, 30-40 ಸೈಟುಗಳು. ಹಳೇ ಹೆಂಚಿನ ಮನೆ ಕೆಡವಿ ನಾಲ್ಕು ಮಹಡಿ ಏರಿಸುವವರಿಗೆ ಜೆಸಿಬಿ ಗುಂಡಿ, ಫುಟಿಂಗ್, ಕಾಲಂ ಸಾಕು. ಆ ಕ್ರಾಸುಗಳಲ್ಲಿ ರಿಗ್ ತಿರುಗಲೂ ಆಗದು. ಅದಕ್ಕೆ ಕೆಲಸ ಇರುವುದು ಮೇಲ್ಸೇತುವೆಗೆ, ಪಕ್ಕದ ಮನೆ ಜಾರದ ಹಾಗೆ ಎರಡು ಮೂರು ಬೇಸ್‌ಮೆಂಟ್ ತೋಡುವ ಅಪಾರ್ಟ್‌ಮೆಂಟಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಮೆಟ್ರೋಗೆ.

ಮೆಟ್ರೋ ಮೂರನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2024ರ ಆಗಸ್ಟ್ 16ರಂದು. ಒಟ್ಟು 44.65 ಕಿಲೋಮೀಟರ್, 31 ನಿಲ್ದಾಣ, 15,611 ಕೋಟಿ ರೂಪಾಯಿ. ಅದರಲ್ಲಿ ಹೊಸಹಳ್ಳಿಯಿಂದ ಕಡಬಗೆರೆಯವರೆಗಿನ 12.5 ಕಿಲೋಮೀಟರ್ ನಮ್ಮ ಮಾಗಡಿ ಬಸ್ಸು ಬರುವ ರಸ್ತೆಯ ಮೇಲೇ ಹೋಗುತ್ತದೆ. ಸುಮ್ಮನೆ ಲೆಕ್ಕ ಹಾಕಿ: 30 ಮೀಟರಿಗೊಂದು ಪಿಲ್ಲರ್ ಅಂದರೆ ನಾನೂರರ ಮೇಲೆ ಪಿಲ್ಲರ್. ಒಂದೊಂದರ ಕೆಳಗೆ ನಾಲ್ಕು ಪೈಲ್ ಹಿಡಿದರೂ 1,600ಕ್ಕಿಂತ ಹೆಚ್ಚು ಗುಂಡಿ. ಇದು ನನ್ನ ಲೆಕ್ಕ, ಮೆಟ್ರೋದವರದ್ದಲ್ಲ. ಹಾಗಾಗಿ ಬಾಣ ಸುಳ್ಳು ಅಂತ ನಾನು ಹೇಳುವುದಿಲ್ಲ. ಕೆಲಸ ಇದೆ, ಬರುತ್ತದೆ.

ಆದರೆ ಆ ಬಾಣ ಯಾರದು? ಯಂತ್ರದ ಮಾರುಕಟ್ಟೆ ಬೆಳೆಯಿತು ಅಂದರೆ ಯಂತ್ರ ಹೆಚ್ಚು ಮಾರಾಟವಾಯಿತು ಅಂತ ಅರ್ಥ. ಮಾರಿದವನಿಗೆ ಅದು ಹಬ್ಬ. ಕೊಂಡವನಿಗೆ ಏನು ಅಂತ ತಿಳಿಯಲು ಬೆಂಗಳೂರಿಗೆ ಹೋಗಬೇಕಿಲ್ಲ. ನಮ್ಮ ಊರಲ್ಲಿ ಒಂದು ಜೆಸಿಬಿ ಇದ್ದಾಗ ಅವನು ಹೇಳಿದ್ದೇ ರೇಟು, ಕಾಲು ಹಿಡಿದು ಕರೀಬೇಕಿತ್ತು. ನಾಲ್ಕಾದ ಮೇಲೆ ಗಂಟೆ ಬಾಡಿಗೆ ಇಳಿಯಿತು, ಕಂತು ಮಾತ್ರ ಇಳಿಯಲಿಲ್ಲ. ಎರಡನ್ನು ಫೈನಾನ್ಸಿನವರು ಎಳೆದುಕೊಂಡು ಹೋದರು. ಅದೂ ಮಾರುಕಟ್ಟೆ ಬೆಳೆಯುತ್ತಿದ್ದ ಕಾಲವೇ.

ಭಾನುವಾರ ಅವನ ರೂಮಿಗೆ ಹೋದೆ. ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಟ್ಟಿದ್ದ: ಮೀಟರಿಗೆ ಇಷ್ಟು, ದಿನಕ್ಕೆ ಇಷ್ಟು ಮೀಟರ್, ತಿಂಗಳಿಗೆ 25 ದಿನ. ನಾನು ಒಂದೊಂದೇ ಕೇಳಿದೆ. ಟ್ರೈಲರ್‌ನಲ್ಲಿ ಸೈಟಿಂದ ಸೈಟಿಗೆ ಸಾಗಿಸುವ ದಿನಗಳು? ಮಳೆ? ಹೋಸ್ ಒಡೆದು ಸ್ಪೇರ್ ಬರುವವರೆಗೆ ನಿಲ್ಲುವ ದಿನ? ಬೆಂಗಳೂರಿನ ಮಣ್ಣಿನ ಕೆಳಗಿರುವುದು ಲಾಲ್‌ಬಾಗ್ ಗುಡ್ಡದ ಬಳಗದ ಬಂಡೆ, ಸುಮಾರು 300 ಕೋಟಿ ವರ್ಷ ಹಳೆಯದು. ಬಕೆಟ್ಟಿನ ಹಲ್ಲು ಸವೆಯುವುದಕ್ಕೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

"ಮಣ್ಣಿಗೆ ಒಂದು ರೇಟು, ಬಂಡೆಗೆ ಒಂದು ರೇಟು ಅಣ್ಣ. ಬಂಡೆ ಎಲ್ಲಿಂದ ಶುರು ಅನ್ನೋದ್ರಲ್ಲೇ ಅರ್ಧ ಜಗಳ," ಅಂದ. ಅವನ ಈಗಿನ ಯಜಮಾನನಿಗೆ ದೊಡ್ಡ ಗುತ್ತಿಗೆದಾರರಿಂದ ನಾಲ್ಕು ತಿಂಗಳ ಬಿಲ್ಲು ಬರಬೇಕಂತೆ. ಮೆಟ್ರೋ ಗುತ್ತಿಗೆ ದೊಡ್ಡ ಕಂಪನಿಗೆ, ಅವರಿಂದ ಪೈಲಿಂಗ್ ಗುತ್ತಿಗೆದಾರನಿಗೆ, ಅವನಿಂದ ಒಂದೇ ರಿಗ್ ಇಟ್ಟುಕೊಂಡವನಿಗೆ. ದುಡ್ಡು ಇಳಿದು ಬರುವ ದಾರಿಯಲ್ಲಿ ಇವನು ಮೂರನೇ ಮೆಟ್ಟಿಲು.

ಕಾಯುವ ಲೆಕ್ಕ ಬೇರೆ ಇದೆ. ಮೂರನೇ ಹಂತಕ್ಕೆ ಒಪ್ಪಿಗೆ ಸಿಕ್ಕಿ ಶಂಕುಸ್ಥಾಪನೆ ಆಗುವ ಹೊತ್ತಿಗೆ 2025ರ ಆಗಸ್ಟ್ 10. ಬರೀ ಕಲ್ಲು ಹಾಕುವುದಕ್ಕೆ ಒಂದು ವರ್ಷ. ಮೊದಲ ಹಂತಕ್ಕೆ ಶಂಕುಸ್ಥಾಪನೆ ಆದದ್ದು 2006ರ ಜೂನ್‌ನಲ್ಲಿ, ಅವನ ರೂಮಿನ ಹತ್ತಿರದ ವಿಜಯನಗರಕ್ಕೆ ರೈಲು ಬಂದದ್ದು 2015ರ ನವೆಂಬರ್‌ನಲ್ಲಿ. ಸರ್ಕಾರದ ಕೆಲಸ ನಿಧಾನ ಆದರೂ ಆಗುತ್ತದೆ. ಕಂತು ಮಾತ್ರ ತಿಂಗಳ ಐದನೇ ತಾರೀಕಿಗೇ ಬರುತ್ತದೆ.

ಅವನು ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಒಂದು ಮಾತು ಹೇಳಿದ: "ಹಂಗಾದ್ರೆ ಹೆಲ್ಪರ್ ಆಗೇ ಮುದುಕ ಆಗ್ಬೇಕಾ? ಆ ಎರಡು ಎಕರೇಲಿ ಏನ್ ಬತ್ತದೆ, ನಾಕು ಮೂಟೆ ರಾಗಿ?"

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಮಳೆ ಕೈಕೊಟ್ಟ ವರ್ಷ ನಾಲ್ಕು ಮೂಟೆಯೂ ಬಂದಿಲ್ಲ. ಅವನ ಆಸೆಯಲ್ಲಿ ತಪ್ಪಿಲ್ಲ. ನಮ್ಮ ಕಡೆಯ ಹುಡುಗರು ಕೇಜ್ ಕಟ್ಟುವುದು, ಕೆಸರು ಬಳಿಯುವುದರಲ್ಲೇ ನಿಂತುಬಿಡುತ್ತಾರೆ, ಸೀಟಿನಲ್ಲಿ ಹೊರಗಿನವರು ಕೂರುತ್ತಾರೆ. ರಿಗ್ ಹೆಚ್ಚಾದಷ್ಟೂ ನಡೆಸುವವರು ಬೇಕು. ಈ ಬೆಳವಣಿಗೆಯಲ್ಲಿ ಎರಡು ಎಕರೆ ಅಡ ಇಡದೆ ಸಿಗುವ ಪಾಲು ನನಗೆ ಕಂಡಂತೆ ಅದೊಂದೇ. ಇಂಥ ಯಂತ್ರಗಳ ಆಪರೇಟರ್‌ಗಳಿಗೆ ತರಬೇತಿ, ಸರ್ಟಿಫಿಕೇಟ್ ವ್ಯವಸ್ಥೆ ನೋಡಿಕೊಳ್ಳಲು ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್ ಅಂತ ಇದೆ. ಅದನ್ನು ವಿಚಾರಿಸು ಅಂದೆ. ನಿಮ್ಮ ಮನೆಯ ಹುಡುಗರು ಈ ಕೆಲಸದಲ್ಲಿದ್ದರೆ ಅವರಿಗೂ ಹೇಳಿ.

ಕಪ್ಪು ಮಣ್ಣಿನ ಸೀಮೆಯವರು ಇದನ್ನು ಓದುತ್ತಿದ್ದರೆ ನಡುವೆ ಒಂದು ಮಾತು. ನೆಲ ಉಬ್ಬಿ ಕುಗ್ಗಿ ಮನೆ ಗೋಡೆ ಬಿರಿಯುವ ನಿಮ್ಮ ಕಡೆಗೆ ಅಂತಲೇ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ, ತಳದಲ್ಲಿ ಗಡ್ಡೆಯ ಹಾಗೆ ಅಗಲವಾಗುವ ಸಣ್ಣ ಪೈಲನ್ನು ಬಹಳ ಹಿಂದೆಯೇ ರೂಪಿಸಿದೆ. ಅದನ್ನು ಕೈಯಿಂದ ತಿರುಗಿಸುವ ಆಗರ್‌ನಲ್ಲೇ ಕೊರೆಯಬಹುದು. ಮನೆ ಕಟ್ಟುವ ಮೊದಲು ಎಂಜಿನಿಯರ್ ಹತ್ತಿರ ಅಂಡರ್ ರೀಮ್ಡ್ ಪೈಲ್ ಅಂತ ಕೇಳಿ. ಇದರ ಬಗ್ಗೆ ಯಾರೂ ಬಾಣದ ರಿಪೋರ್ಟ್ ಕಳಿಸುವುದಿಲ್ಲ.

ಚಿಕ್ಕಪ್ಪನಿಗೆ ನಾನು ಬೇಡ ಅಂತ ಹೇಳಲಿಲ್ಲ. ರಿಗ್ ಮಾರುವವನ ಹತ್ತಿರ ಎರಡು ವಿಷಯ ಕೇಳಿಸಿ ಅಂದೆ: ಯಂತ್ರ ಇಲ್ಲಿಯವರೆಗೆ ಎಷ್ಟು ಗಂಟೆ ಓಡಿದೆ ಅನ್ನುವ ಮೀಟರ್ ಫೋಟೋ, ಮತ್ತು ಕಳೆದ ಆರು ತಿಂಗಳಲ್ಲಿ ಅದು ದುಡಿದ ಬಿಲ್ಲು, ಆ ಬಿಲ್ಲಿನ ದುಡ್ಡು ಬಂದ ಬ್ಯಾಂಕ್ ಪಾಸ್‌ಬುಕ್ಕಿನ ಪುಟ. ಮೀಟರ್ ಫೋಟೋ ಮರುದಿನವೇ ಬಂತು. ಬಿಲ್ಲು, ಪಾಸ್‌ಬುಕ್ಕು ಕೇಳಿ ಎರಡು ವಾರ ಆಯಿತು. ಜಮೀನಿನ ಪತ್ರ ಇನ್ನೂ ಚಿಕ್ಕಪ್ಪನ ಟ್ರಂಕಿನಲ್ಲಿದೆ.