ಇಪ್ಪತ್ತಾರು ಹಲ್ಲಿನ ಅಜ್ಜಿ

ಸೈಕಲ್ ಶಾಪಿನ ಹುಡುಗ ನನ್ನ ಗಾಡಿಯ ಪೆಡಲ್ ಕಡೆ ಬಗ್ಗಿ ನೋಡಿ ನಕ್ಕ. “ಮೂರಾ ಸಾರ್? ಈಗೆಲ್ಲ ಮುಂದೆ ಒಂದೇ ಬರೋದು.” ನಾನೂ ನಕ್ಕೆ. ಅವನ ವಯಸ್ಸಿನಲ್ಲಿ ನನಗೂ ಒಂದೇ ಇತ್ತು, ಅಪ್ಪನ ಗೇರಿಲ್ಲದ ಸೈಕಲ್ಲಿನಲ್ಲಿ. ಏರು ಬಂದರೆ ಇಳಿದು ತಳ್ಳುವುದು, ಅಷ್ಟೆ.

ಈಗಿನದರಲ್ಲಿ ಮುಂದೆ 48, 36, 26 ಹಲ್ಲಿನ ಮೂರು ಚಕ್ರಗಳು; ಹಿಂದೆ 11ರಿಂದ 34ರವರೆಗೆ ಒಂಬತ್ತು. ಒಂಬತ್ ಮೂರ್ಲ ಇಪ್ಪತ್ತೇಳು ಗೇರು ಎಂಬ ಅಂಗಡಿಯ ಮಗ್ಗಿಯನ್ನು ನಂಬಬೇಡಿ. 48ಕ್ಕೆ 20 ಹಾಕಿದರೂ 36ಕ್ಕೆ 15 ಹಾಕಿದರೂ ಕಾಲಿಗೆ ಒಂದೇ. ಕೊಳ್ಳುವವರೆಲ್ಲ ದೊಡ್ಡ ಚಕ್ರ ನೋಡುತ್ತಾರೆ. ನಾನು ಚಿಕ್ಕದರ ಹಲ್ಲೆಣಿಸುತ್ತೇನೆ. 48–11ರಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಒಂಬತ್ತು ಮೀಟರ್ ದಾಟುತ್ತದೆ. 26–34ರಲ್ಲಿ? ಬರೀ 1.6 ಮೀಟರ್. ಇಂಗ್ಲಿಷಿನವರು ಇದಕ್ಕೆ ಅಜ್ಜಿ ಗೇರ್ ಎಂದು ಹೆಸರಿಟ್ಟಿದ್ದು ಗೇಲಿಗೆ. ಸೌದೆ ಹೊರೆ ಹೊತ್ತು ಗುಡ್ಡ ಹತ್ತುತ್ತಿದ್ದ ನಮ್ಮಜ್ಜಿಯನ್ನು ಅವರು ನೋಡಿರಲಿಲ್ಲ: ಸಣ್ಣ ಹೆಜ್ಜೆ, ನಿಲ್ಲುವ ಮಾತಿಲ್ಲ.

ಗೇರಿನ ಮೇಲೆ ಈ ತಾತ್ಸಾರ ಹಳೆಯದು. ಟೂರ್ ಡಿ ಫ್ರಾನ್ಸಿನಲ್ಲಿ ವೃತ್ತಿಪರ ಸವಾರರ ಕೈಗೆ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದೂಡುವ ಸಾಧನ, ಸಿಕ್ಕಿದ್ದೇ 1937ರಲ್ಲಿ. ಅಲ್ಲಿಯವರೆಗೆ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ಅದರ ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನ್ ಬರುವಂತೆ ತಿರುಗಿಸಿ ಹಾಕುತ್ತಿದ್ದರು ಪಾಪ.

ಅಜ್ಜಿಗೂ ಸಿಟ್ಟು ಬರುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಮೊದಲ ಸಲ ಹತ್ತಿದಾಗ ತಿರುವಿನ ನಡುವೆ, ಕಾಲು ಸೋತ ಮೇಲೆ, ಎಡಗೈ ಲಿವರ್ ಒತ್ತಿದೆ. ಕಟಕ್ಕೆಂದು ಚೈನ್ ಕಳಚಿ ಚಕ್ರಕ್ಕೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡಿತು. ಗ್ರೀಸ್ ಮೆತ್ತಿದ ಕೈಯಲ್ಲಿ ಅದನ್ನು ಬಿಡಿಸುವಷ್ಟರಲ್ಲಿ ನನ್ನ ಬಾಳೆಹಣ್ಣು ಮಂಗನ ಪಾಲು. ಹಿಂದಿನ ಡಿರೇಲರ್ ಸರಿಸುವುದು ಸಡಿಲಾಗಿ ಮರಳುವ ಚೈನನ್ನು. ಮುಂದಿನದು ಬಿಗಿದು ಎಳೆಯುತ್ತಿರುವ ಚೈನನ್ನೇ ದೂಡಬೇಕು. ಜಗ್ಗಿ ತುಳಿಯುವಾಗ ದೂಡಿದರೆ ಅದು ಕೇಳುವುದಿಲ್ಲ.

ಈಗ ತಿರುವು ಕಣ್ಣಿಗೆ ಬಿದ್ದ ಕೂಡಲೇ ಕಾಲು ಹಗುರ ಮಾಡುತ್ತೇನೆ, ಪೆಡಲ್ ತಿರುಗಬೇಕು, ಎಳೆಯಬಾರದು. ಎಡಗೈಯಲ್ಲಿ ಅಜ್ಜಿಗೆ ಇಳಿಸಿ, ಹಿಂದೆಯೇ ಬಲಗೈಯಲ್ಲಿ ಎರಡು ಕ್ಲಿಕ್ ಚಿಕ್ಕ ಚಕ್ರದ ಕಡೆಗೆ. ಇಲ್ಲದಿದ್ದರೆ ಕಾಲು ಗಾಳಿಯಲ್ಲಿ ತಿರುಗಿದ ಹಾಗಾಗುತ್ತದೆ. ಸರಿಯಾಗಿ ಕೂತಾಗ ಬರುವ ಆ ಮೆತ್ತನೆಯ ಸದ್ದು, ಪೆಟ್ಟಿಗೆಯ ಮುಚ್ಚಳ ಕೂತ ಹಾಗೆ, ಅದಕ್ಕಾಗಿಯೇ ಒಮ್ಮೊಮ್ಮೆ ಅಗತ್ಯವಿಲ್ಲದೆಯೂ ಗೇರ್ ಬದಲಿಸಿದ್ದುಂಟು.

ಕಳೆದ ಸಲ ಏಳನೇ ತಿರುವಿನಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದ ಹಿರಿಯರೊಬ್ಬರು, “ತಳ್ಳಿಕೊಂಡು ಹೋದ್ರೆ ಬೇಗ ಮುಟ್ತೀರಿ ಮಾರಾಯ್ರೆ,” ಎಂದರು. ಉತ್ತರ ಕೊಡುವಷ್ಟು ಉಸಿರಿತ್ತು. ಮುಂದಿನ ತಿರುವಿನವರೆಗೂ ಅಡಿಕೆ ರೇಟು, ಮಳೆ ಎಲ್ಲ ಮಾತಾಡಿದೆವು, ಅವರು ನಡೆಯುತ್ತಾ, ನಾನು ತುಳಿಯುತ್ತಾ.