ಹುಪರಿಯ ದಾರಿಯಲ್ಲಿ ಗಾಳಿಯಾಡುವ ಶೂ

ಕಳೆದ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆ ಶಿಬಿರ ನಡೆಯಿತು. ಅಂದು ಬಂದವರಲ್ಲಿ ಅನೇಕರಿಗೆ ವೈದ್ಯರು ಹೇಳಿದ ಮೊದಲ ಮದ್ದು ಒಂದೇ: ದಿನಾ ನಡೆಯಿರಿ. ಹೀಗೆ ನಮ್ಮ ಏಳು ಮಂದಿಯ ನಡಿಗೆಯ ಗುಂಪು ಹುಟ್ಟಿಕೊಂಡಿತು. ಬೆಳಗಿನ ಬಲಿಪೂಜೆ ಮುಗಿದ ಮೇಲೆ ಗುರುಮನೆಯ ಮೆಟ್ಟಿಲ ಬಳಿ ಸೇರುವುದು, ಊರಾಚೆಯ ಕೆರೆಯವರೆಗೆ ಹೋಗಿ ಬರುವುದು.

ತಿಂಗಳು ಕಳೆಯುವುದರೊಳಗೆ ಏಳೂ ಜನರ ಕಾಲಿಗೆ ಹೊಸ ಶೂಗಳು ಬಂದವು. ಓಟಗಾರರಿಗೆಂದು ಮಾಡಿದ ಶೂಗಳು. ಮೇಲ್ಭಾಗವೆಲ್ಲ ಸೊಳ್ಳೆಪರದೆಯಂಥ ಜಾಲರಿ ಬಟ್ಟೆ. "ಇದರಾಗ ಗಾಳಿ ಆಡತೈತ್ರಿ, ಕಾಲು ಬೇಯೂದಿಲ್ಲ" ಎಂದು ಅಂಗಡಿಯವರು ಹೇಳಿದ್ದರು. ಗುಂಪಿನ ಹಿರಿಯರು ನಿವೃತ್ತ ಬಸ್ ಚಾಲಕರು, ಎಲ್ಲರಿಗೂ ಕಾಕಾ. ಅವರೊಬ್ಬರು ಮಾತ್ರ ತಮ್ಮ ಹಳೆಯ ಚರ್ಮದ ಶೂ ಬಿಡಲು ಒಪ್ಪಲಿಲ್ಲ. "ಈ ಕಾಲದಲ್ಲಿ ಅದನ್ನು ಯಾರು ಹಾಕುತ್ತಾರೆ ಕಾಕಾ?" ಎಂದು ಒತ್ತಾಯಿಸಿ ಹೊಸದನ್ನು ಕೊಡಿಸಿದವರು ನಾವೇ.

ದಸರೆ ಕಳೆದ ಮರುವಾರ ಒಂದು ದೊಡ್ಡ ನಡಿಗೆ ಆಗಲಿ ಎಂದು ಹುಪರಿಗೆ ಹೊರಟೆವು. ಕಾಕಾನ ಮೊಮ್ಮಗಳಿಗೆ ಬೆಳ್ಳಿಯ ಕಾಲ್ಗೆಜ್ಜೆ ಬೇಕಿತ್ತು. ಗೆಜ್ಜೆ ಎಂದರೆ ನಮ್ಮ ಗಡಿಭಾಗದಲ್ಲಿ ಮೊದಲು ನೆನಪಾಗುವ ಊರು ಹುಪರಿ. ನಿಪ್ಪಾಣಿಯಲ್ಲಿ ಬಸ್ಸು ಹತ್ತಿ, ಕೊಗನೊಳಿ ದಾಟಿ, ದೂಧಗಂಗೆಯ ಸೇತುವೆಯಾಚೆ ಕಾಗಲದಲ್ಲಿ ಇಳಿದೆವು. ಅಲ್ಲಿಂದ ಹುಪರಿಗೆ ಹತ್ತು-ಹನ್ನೆರಡು ಕಿಲೋಮೀಟರ್. ನಡೆಯಲು ತಕ್ಕ ದಾರಿ.

ಮೊದಲ ಒಂದು ಗಂಟೆ ಎಲ್ಲರ ಬಾಯಲ್ಲೂ ಶೂಗಳ ಹೊಗಳಿಕೆಯೇ. ಎಷ್ಟು ಹಗುರ! ಬಿಸಿಲೇರಿದರೂ ಕಾಲು ತಂಪು. ಇದು ಬರಿಯ ಸುಖದ ಮಾತಲ್ಲ. ಬೆವರಿನಿಂದ ನೆನೆದ ಚರ್ಮ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಉಜ್ಜಿ ಬೊಬ್ಬೆ ಏಳುತ್ತದೆ. ಬೆರಳ ಸಂದಿಯ ತೇವದಲ್ಲಿ ಹುಳುಕಡ್ಡಿಯಂಥ ತುರಿಕೆಯೂ ಬೆಳೆಯುತ್ತದೆ. ಗಾಳಿಯಾಡಿದರೆ ಇವೆರಡೂ ಕಡಿಮೆ.

ಈ ಉಪಾಯದ ಹಿಂದೆ ಒಂದು ಕಥೆಯಿದೆ. ಜಪಾನಿನ ಕೋಬೆ ನಗರದಲ್ಲಿ ಕಿಹಾಚಿರೊ ಒನಿತ್ಸುಕಾ ಎಂಬವರು 1949ರಲ್ಲಿ ಶೂ ತಯಾರಿಕೆ ಆರಂಭಿಸಿದರು. ಮ್ಯಾರಥಾನ್ ಓಟಗಾರರ ಕಾಲಲ್ಲಿ ಏಳುವ ಬೊಬ್ಬೆಗಳಿಗೆ ಶೂವಿನೊಳಗಿನ ಬಿಸಿಯೇ ಕಾರಣವೆಂದು ಅವರಿಗೆ ತಿಳಿಯಿತು. ಮೋಟಾರ್‌ಸೈಕಲ್ಲಿನ ಎಂಜಿನ್ ಬೀಸುವ ಗಾಳಿಯಿಂದಲೇ ತಣ್ಣಗಾಗುತ್ತದಲ್ಲ, ಪಾದವೂ ಹಾಗೆಯೇ ಏಕೆ ಆಗಬಾರದು? ಶೂವಿನ ಮುಂದೆ, ಬದಿಯಲ್ಲಿ ಗಾಳಿಕಿಂಡಿಗಳನ್ನು ಇರಿಸಿದರು. ಕಾಲು ನೆಲಕ್ಕೆ ಒತ್ತಿದಾಗ ಬಿಸಿಗಾಳಿ ಹೊರಕ್ಕೆ, ಎತ್ತಿದಾಗ ತಂಪುಗಾಳಿ ಒಳಕ್ಕೆ. 1960ರ ಸುಮಾರಿಗೆ ಬಂದ ಆ ಶೂವಿಗೆ 'ಮ್ಯಾಜಿಕ್ ರನ್ನರ್' ಎಂದು ಹೆಸರು. ಅವರ ಸಂಸ್ಥೆಯೇ 1977ರಿಂದ ಆಸಿಕ್ಸ್ ಎನಿಸಿಕೊಂಡಿದೆ.

ಈ ಕಥೆ ಕೇಳಿ ಕಾಕಾ ನಕ್ಕರು. "ಫಾದರ್, ಗಾಳಿ ಆಡೋ ಮೆಟ್ಟು ನಮ್ಮ ಕಡೆ ಅಜ್ಜನ ಕಾಲದಿಂದ ಐತಲ್ರೀ!" ಎಂದು ಎದುರು ಬರುತ್ತಿದ್ದ ರೈತರ ಕಾಲು ತೋರಿಸಿದರು. ದಪ್ಪನೆಯ ಕೊಲ್ಹಾಪುರಿ ಚಪ್ಪಲಿ. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಚರ್ಮ. ಮೊಳೆಯಿಲ್ಲದೆ ಕೈಯಿಂದಲೇ ಹಾಕಿದ ಹೊಲಿಗೆ. 2019ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದ್ದವು. ಹೆಸರು ಕೊಲ್ಹಾಪುರದ್ದು, ಅಥಣಿ, ನಿಪ್ಪಾಣಿಗಳ ಕೈಗಳೂ ಅದರಲ್ಲಿ ದುಡಿದಿವೆ. ಅದಕ್ಕೂ ಕುಂದುಗಳಿವೆ. ಹೊಸದರಲ್ಲಿ ಕಚ್ಚುತ್ತದೆ, ನೀರಿನಲ್ಲಿ ಕೆಡುತ್ತದೆ, ಹಿಮ್ಮಡಿಗೆ ಹಿಡಿತವಿಲ್ಲ. ಆದರೆ ಕಲ್ಲು ಹೊಕ್ಕರೆ ಕಾಲು ಒದರಿದ ಕೂಡಲೇ ಹೊರಗೆ.

ದಾರಿ ಕಬ್ಬಿನ ಗದ್ದೆಗಳ ನಡುವೆ ಹೊಕ್ಕಿತು. ಹಿಂದಿನ ದಿನ ಮಳೆ ಬಂದಿತ್ತು. ಒಂದು ಕಡೆ ಹೊಲದ ನೀರು ರಸ್ತೆಯನ್ನೇ ದಾಟಿ ಹರಿಯುತ್ತಿತ್ತು. ಆಗ ಹೊಗಳಿಕೆ ನಿಂತಿತು. ಗಾಳಿ ಹೊಕ್ಕುವ ತೂತಿನಲ್ಲಿ ನೀರು ಹೊಕ್ಕದೆ ಇರುತ್ತದೆಯೇ? ಮೂರು ಹೆಜ್ಜೆಗೆ ಕಾಲುಚೀಲ ತೊಯ್ದವು. ಮುಂದೆ ರಸ್ತೆ ಅಗಲ ಮಾಡಲು ಹರಡಿದ್ದ ಗರಸು. ಅದರ ಸಣ್ಣ ಹರಳು, ಧೂಳು ಒಳಗೆ ಸೇರಿತು. ನಮ್ಮಲ್ಲೊಬ್ಬರು ಎಡವಿದಾಗ ತೆಳು ಬಟ್ಟೆ ಬೆರಳನ್ನು ಕಾಯಲಿಲ್ಲ. ಮತ್ತೊಬ್ಬರ ಶೂ ಕಿರುಬೆರಳ ಹತ್ತಿರ ಆಗಲೇ ಹರಿದಿತ್ತು. ಒಂದು ಮಾತು ಒಪ್ಪಬೇಕು: ನೀರು ಬಂದಷ್ಟೇ ಬೇಗ ಆರಿತು. ಚರ್ಮದ ಶೂ ಆಗಿದ್ದರೆ ಎರಡು ದಿನ ಒಣಗುತ್ತಿರಲಿಲ್ಲ.

ಒಳಗೆ ಹರಳು ಸೇರಿದವರೆಲ್ಲ ನಿಂತು, ಶೂ ಬಿಚ್ಚಿ, ಕೊಡವಿ ಮುಂದೆ ನಡೆದೆವು. ಕಾಕಾ ನಿಲ್ಲಲಿಲ್ಲ. "ನನಗೇನೂ ಹೊಕ್ಕಿಲ್ಲ" ಎಂದರು. ವಯಸ್ಸಾದರೂ ಗಟ್ಟಿಗರೆಂದು ನಾವೆಲ್ಲ ಮೆಚ್ಚಿಕೊಂಡೆವು.

ಹುಪರಿ ಬಂತು. ಬೆಳ್ಳಿಯ ಊರು. ಬೀದಿಯಲ್ಲಿ ನಡೆದರೆ ಮನೆ ಮನೆಯೊಳಗಿಂದ ಸಣ್ಣ ಸುತ್ತಿಗೆಯ ಸದ್ದು. ಒಂದು ಕಾರ್ಖಾನೆಗೆ ಹೋದೆವು. ಕಾರ್ಖಾನೆ ಎಂದರೆ ಮನೆಯ ಮುಂದಿನ ಎರಡು ಕೋಣೆ. ಕರಗಿಸಿದ ಬೆಳ್ಳಿಯನ್ನು ಸರಳು ಮಾಡಿ, ತೂತುಗಳಿರುವ ಉಕ್ಕಿನ ಹಲಗೆಯಲ್ಲಿ ಎಳೆದೆಳೆದು ತಂತಿ ಮಾಡುತ್ತಾರೆ. ತಂತಿ ಕತ್ತರಿಸಿ ಕೊಂಡಿ, ಕೊಂಡಿಗೆ ಕೊಂಡಿ ಬೆಸೆದು ಸರ, ಸರಕ್ಕೆ ಗೆಜ್ಜೆ.

ಬಾಗಿಲಲ್ಲೇ ಯಜಮಾನರು ತಡೆದರು. ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದರು: "ಬೂಟು ಹೊರಗ ಬಿಡ್ರಿ ಫಾದರ್. ದೇವರ ಮನಿ ಅಂತ ಅಲ್ಲ. ನಿಮ್ಮ ಬೂಟಿನ ಜಾಲರಿಯೊಳಗ ನಮ್ಮ ಬೆಳ್ಳಿ ಹೊಕ್ಕೊಂಡು ಹೋಗತೈತಿ!" ನೆಲ ಗುಡಿಸಿದ ಕಸವನ್ನೂ ಅವರು ಎಸೆಯುವುದಿಲ್ಲವಂತೆ; ಅದರಲ್ಲಿನ ಬೆಳ್ಳಿಯ ಪುಡಿಯನ್ನು ಬೇರ್ಪಡಿಸಿ ತೆಗೆಯುತ್ತಾರೆ.

ಎಲ್ಲರೂ ನಗುತ್ತ ಶೂ ಬಿಚ್ಚಿದೆವು. ಕಾಕಾನ ಬಲಗಾಲಿನ ಕಾಲುಚೀಲ ಕೆಂಪಾಗಿತ್ತು.

"ಕಾಕಾ, ರಕ್ತ!"

"ಎಲ್ಲೈತಿ?" ಎಂದು ಅವರೇ ಕೇಳಿದರು.

ಶೂ ತಲೆಕೆಳಗೆ ಮಾಡಿದಾಗ ಹುಣಸೆಬೀಜದಷ್ಟು ದೊಡ್ಡ ಚೂಪು ಹರಳು ಬಿತ್ತು. ಹೆಬ್ಬೆರಳ ಬುಡದಲ್ಲಿ ಅಂಗಾಲು ಸೀಳಿತ್ತು. ಎಷ್ಟು ಹೊತ್ತಿನಿಂದಲೋ ಅವರು ಅದರ ಮೇಲೆಯೇ ನಡೆದಿದ್ದರು. ನಾವು ಮೆಚ್ಚಿಕೊಂಡದ್ದು ಅವರ ಗಟ್ಟಿತನವಾಗಿರಲಿಲ್ಲ; ಅದು ಕಾಯಿಲೆಯಾಗಿತ್ತು.

ಯಜಮಾನರು ಕೆಲಸ ಬಿಟ್ಟು ಹತ್ತಿರದ ದವಾಖಾನೆಗೆ ಕರೆದೊಯ್ದರು. ವೈದ್ಯರು ಗಾಯ ತೊಳೆದು ಕಟ್ಟಿದರು. ಆಮೇಲೆ ಕಾಕಾನಿಗೆ ಕಣ್ಣು ಮುಚ್ಚಲು ಹೇಳಿ, ಒಂದು ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿ, ತಿಳಿದಾಗ ಹೇಳಿರೆಂದರು. ಹಲವು ಬಾರಿ ಮುಟ್ಟಿದರೂ ಕಾಕಾ ಸುಮ್ಮನೇ ಕುಳಿತಿದ್ದರು. ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂದಗೊಳಿಸುತ್ತದೆ, ರಕ್ತದ ಓಟವನ್ನೂ ತಗ್ಗಿಸುತ್ತದೆ ಎಂದು ವೈದ್ಯರು ವಿವರಿಸಿದರು. ನೋವು ತಿಳಿಯುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ. ಸಣ್ಣ ಗಾಯ ಕೊಳೆತು ಬೆರಳನ್ನೇ ತೆಗೆಯಬೇಕಾದ ಪ್ರಸಂಗಗಳಿವೆ. "ಇಂದೇ ಕಂಡದ್ದು ಒಳ್ಳೆಯದಾಯಿತು" ಎಂದರು.

ಆ ವರ್ಷ ಪವಿತ್ರ ಗುರುವಾರದಂದು ಪಾದ ತೊಳೆಸಿಕೊಂಡ ಹನ್ನೆರಡು ಜನರಲ್ಲಿ ಕಾಕಾ ಒಬ್ಬರಾಗಿದ್ದರು. ಆ ಪಾದಕ್ಕೆ ನಾವು ನೀರು ಹಾಕಿ ಒರೆಸಿದ್ದೆವು, ನೋಡಿರಲಿಲ್ಲ. ಹೊಸ ಶೂ ಕೊಡಿಸುವಾಗಲೂ ಶೂವನ್ನೇ ನೋಡಿದೆವು, ಪಾದವನ್ನಲ್ಲ.

ಹಾಗಾದರೆ ಗಾಳಿಯಾಡುವ ಶೂ ಬೇಡವೇ? ಹಾಗಲ್ಲ. ಒಣ ರಸ್ತೆ, ಆಟದ ಬಯಲು, ಬೇಸಿಗೆಯ ಬೆಳಗು ಇವುಗಳಿಗೆ ಅದು ಉತ್ತಮ. ಕೆಸರು, ಗರಸು, ಮುಳ್ಳಿನ ದಾರಿಗೆ ಮೇಲ್ಭಾಗ ಗಟ್ಟಿಯಾದ ಶೂ ಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಕೊಳ್ಳುವ ಮುನ್ನ ವೈದ್ಯರಿಗೆ ಪಾದ ತೋರಿಸಿರಿ. ಮೆಟ್ಟುವ ಮೊದಲು ಪ್ರತಿ ಸಲ ಶೂ ಕೊಡವಿ, ಒಳಗೆ ಕೈಯಾಡಿಸಿ ನೋಡಿರಿ. ಕಾಲುಚೀಲ ಬಿಳಿಯದಿರಲಿ, ರಕ್ತವಾಗಲಿ ಕೀವಾಗಲಿ ಥಟ್ಟನೆ ಕಾಣುತ್ತದೆ. ಒದ್ದೆಯಾದದ್ದನ್ನು ಕೂಡಲೇ ಬದಲಿಸಿರಿ. ಮನೆಯೊಳಗೂ ಬರಿಗಾಲಲ್ಲಿ ಓಡಾಡದಿರುವುದು ಮೇಲು. ದಿನಕ್ಕೊಮ್ಮೆ ಅಂಗಾಲು, ಬೆರಳ ಸಂದಿ ನೋಡಲೇಬೇಕು.

ಕಾಕಾನ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅಂದು ಕಟ್ಟಿದ ಕಾಲಿನಲ್ಲೇ ಅವರು ಗೆಜ್ಜೆ ಆರಿಸಿ ಕೊಂಡು ತಂದಿದ್ದರು. ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳುವುದು ಅವರಿಗೆ ಆಗದು. ಈಗ ದಿನಾ ರಾತ್ರಿ ಮೊಮ್ಮಗಳು ಗೆಜ್ಜೆಯ ಸದ್ದು ಮಾಡುತ್ತ ಬಂದು, ಅಜ್ಜನ ಕಾಲಡಿಗೆ ಕನ್ನಡಿ ಹಿಡಿಯುತ್ತಾಳೆ.